ಹಳೇ ಗಾರ್ಡನ್ ಟ್ರ್ಯಾಕ್ಟರಿಗೆ ಹಿಂದೆ ಲಿಫ್ಟ್ ಕೂರಿಸಬಹುದಾ?

ಪ್ರಶ್ನೆ: ಬೇಲೂರು ತಾಲೂಕಿನಲ್ಲಿ ನಮ್ಮದು ಸಣ್ಣ ತೋಟ. ಹೋದ ವರ್ಷ ಒಂದು ಎಸ್ಟೇಟ್ ಬಂಗಲೆಯ ಹಳೇ ಸಾಮಾನು ಹರಾಜಿಗೆ ಬಂದಾಗ ಅಮೆರಿಕದ ಗಾರ್ಡನ್ ಟ್ರ್ಯಾಕ್ಟರ್ ಒಂದು ಸಿಕ್ಕಿತು. 16 ಎಚ್‌ಪಿ, ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್, ಗೇರಿನ ಗಾಡಿ. ಹೊಟ್ಟೆ ಕೆಳಗೆ ಹುಲ್ಲು ಕತ್ತರಿಸುವ ಡೆಕ್ ಇದೆ, ಅದನ್ನು ಎತ್ತಲು ಪಕ್ಕದಲ್ಲೊಂದು ಲಿವರ್ ಇದೆ. ಹಿಂದುಗಡೆ ಟ್ರೈಲರ್ ಸಿಕ್ಕಿಸುವ ಪಟ್ಟಿ ಬಿಟ್ಟರೆ ಬೇರೇನೂ ಇಲ್ಲ. ಕಣಕ್ಕೆ ಹೋಗುವ ದಾರಿ ಮಟ್ಟ ಮಾಡಲು ಬ್ಲೇಡ್, ತರಕಾರಿ ಹಾಕುವ ಬಯಲಿಗೆ ಕಲ್ಟಿವೇಟರ್ ಹಾಕಬೇಕು ಅಂತ ಆಸೆ. ಮುಂದೆ ರೋಟವೇಟರ್ ಕೂಡ. ಹಾಸನದ ವೆಲ್ಡಿಂಗ್ ಶಾಪಿನವರೊಬ್ಬರು ದೊಡ್ಡ ಟ್ರ್ಯಾಕ್ಟರಿನ ತ್ರೀ ಪಾಯಿಂಟ್ ಲಿಂಕೇಜ್ (ಕೆಳಗೆರಡು, ಮೇಲೊಂದು ತೋಳಿನಿಂದ ಉಪಕರಣ ಹಿಡಿಯುವ ಜೋಡಣೆ) ತಂದು, ಹೈಡ್ರಾಲಿಕ್ ಹಾಕಿ ಕೊಡುತ್ತೇನೆ ಅನ್ನುತ್ತಾರೆ. ಇನ್ನೊಬ್ಬರು ಜೀಪಿಗೆ ಹಾಕುವಂಥ, ಹಗ್ಗ ಸುತ್ತಿ ಎಳೆಯುವ ಕರೆಂಟ್ ವಿಂಚ್ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಲಿಫ್ಟ್ ಖಂಡಿತ ಕೂರಿಸಬಹುದು. ಆದರೆ ಇಬ್ಬರೂ ನಿಮಗೆ ಎತ್ತುವ ಮಾತನ್ನೇ ಹೇಳಿದ್ದಾರೆ. 50-60 ಕೆ.ಜಿ. ಎತ್ತುವುದು ದೊಡ್ಡ ವಿಷಯವಲ್ಲ, ಅದಕ್ಕೆ ನಾಲ್ಕಾರು ದಾರಿ ಇದೆ. ಆ ಭಾರವನ್ನು ಗಾಡಿಯ ಯಾವ ಜಾಗದಲ್ಲಿ ಹಿಡಿಸುತ್ತೀರಿ, ಎತ್ತಿದಾಗ ಮುಂದಿನ ಚಕ್ರ ನೆಲದ ಮೇಲೆ ಕೂರುತ್ತದಾ, ಈ ಎರಡು ಮೊದಲು ಇತ್ಯರ್ಥವಾಗಬೇಕು. ಹೈಡ್ರಾಲಿಕ್ಕಾ, ವಿಂಚಾ ಅನ್ನೋದು ಕೊನೆಯ ಪ್ರಶ್ನೆ.

ಮೊದಲು ಗಾಡಿ ಯಾವ ಜಾತಿ ಅಂತ ನೋಡಿಕೊಳ್ಳಿ. ಅಮೆರಿಕದಲ್ಲಿ ನೋಡಲು ಒಂದೇ ಥರ ಇರುವ ಎರಡು ಬಗೆ ಬರುತ್ತವೆ. ಲಾನ್ ಟ್ರ್ಯಾಕ್ಟರ್ ಬರೀ ಹುಲ್ಲು ಕತ್ತರಿಸಲಿಕ್ಕೆ. ಗಾರ್ಡನ್ ಟ್ರ್ಯಾಕ್ಟರ್ ಮಣ್ಣಿನ ಕೆಲಸಕ್ಕೂ ಆಗುತ್ತದೆ. ಹಿಂದಿನ ಚಕ್ರದ ಡಿಸ್ಕನ್ನು ಕಾರಿನ ಥರ ನಾಲ್ಕೈದು ಬೋಲ್ಟ್ ಹಾಕಿ ಹಬ್ಬಿಗೆ ಬಿಗಿದಿದ್ದಾರಾ? ರಿಮ್ 12 ಇಂಚಿನದಾ? ಹಾಗಿದ್ದರೆ ಬಹುಮಟ್ಟಿಗೆ ಅದು ಗಾರ್ಡನ್ ಟ್ರ್ಯಾಕ್ಟರ್ರೇ. ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಜಾರಿಸಿ, ಕೀ ಹಾಕಿ, ತುದಿಯಲ್ಲಿ ಒಂದು ಸಣ್ಣ ಕ್ಲಿಪ್ಪಿನಿಂದ ನಿಲ್ಲಿಸಿದ್ದರೆ ಅದು ಲಾನ್ ಟ್ರ್ಯಾಕ್ಟರ್. ಅದಕ್ಕೆ ಕಲ್ಟಿವೇಟರ್ ಕನಸು ಬೇಡ, ಟ್ರೈಲರಿಗೆ ಇಟ್ಟುಕೊಳ್ಳಿ. ನೀವು ಬರೆದದ್ದು ನೋಡಿದರೆ ನಿಮ್ಮದು ಗಟ್ಟಿ ಗಾಡಿ ಅನ್ನಿಸುತ್ತದೆ. ಆದರೂ ಬಗ್ಗಿ ನೋಡಿ ಖಾತ್ರಿ ಮಾಡಿಕೊಳ್ಳಿ.

ಬಗ್ಗಿದಾಗಲೇ ಹಿಂದಿನ ಪಟ್ಟಿಯ ಬೋಲ್ಟ್‌ಗಳನ್ನೂ ಬಿಚ್ಚಿ ನೋಡಿ. ಬೋಲ್ಟಿನ ತೂತು ಇನ್ನೂ ಗುಂಡಗಿದೆಯಾ, ಎಳೆದು ಎಳೆದು ಉದ್ದವಾಗಿದೆಯಾ? ಪಟ್ಟಿ ಬಿಗಿದಿರುವುದು ಎರಡು ಪಕ್ಕದ ಚಾಸಿ ಪಟ್ಟಿಗಾ, ಅಥವಾ ನೇರವಾಗಿ ಗೇರ್ ಬಾಕ್ಸ್ ಹೌಸಿಂಗಿಗಾ? ಹೌಸಿಂಗಿಗೆ ಬಿಗಿದಿದ್ದರೆ ಅದು ಎರಕದ ಕಬ್ಬಿಣವೋ ಅಲ್ಯೂಮಿನಿಯಮ್ಮೋ? ಮ್ಯಾಗ್ನೆಟ್ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಬೋಲ್ಟಿನ ಬುಡದ ಸುತ್ತ ಗ್ರೀಸ್, ಧೂಳು ಒರೆಸಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಟಾರ್ಚ್ ಹಾಕಿ. ಕೂದಲಿನಷ್ಟು ತೆಳು ಬಿರುಕಿದ್ದರೆ ಅಲ್ಲಿಂದ ಸೀಮೆಎಣ್ಣೆ ಮತ್ತೆ ಒಸರಿ ಒಂದು ಕಪ್ಪು ಗೆರೆ ಮೂಡುತ್ತದೆ. ಆ ಗೆರೆ ಕಂಡರೆ ಲಿಫ್ಟಿನ ಮಾತು ಅಲ್ಲಿಗೇ ನಿಲ್ಲಿಸಿ, ಮೊದಲು ಹೌಸಿಂಗ್ ಸರಿ ಮಾಡಿಸಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಟ್ರೈಲರ್ ಎಳೆಯುವಾಗ ಆ ಪಟ್ಟಿಗೆ ಬೀಳುವುದು ಹೆಚ್ಚಾಗಿ ನೇರ ಎಳೆತ. ಲಿಫ್ಟ್ ಕೂರಿಸಿದರೆ ಹಾಗಲ್ಲ. ಹಿಂದೆ ನೇತಾಡುವ ಭಾರ ಪಟ್ಟಿಯನ್ನು ತಿರುಚುತ್ತದೆ. ಕಲ್ಲಿಗೆ ಹಲ್ಲು ಸಿಕ್ಕಿದಾಗ ಪಕ್ಕಕ್ಕೆ ಎಳೆಯುತ್ತದೆ. ಗುಂಡಿಯಲ್ಲಿ ಗಾಡಿ ಕುಣಿದಾಗ 60 ಕೆ.ಜಿ. ಇದ್ದದ್ದು ಒಂದು ಕ್ಷಣಕ್ಕೆ 150 ಕೆ.ಜಿ. ಥರ ಜಗ್ಗುತ್ತದೆ. ಎರಕದ ಕಬ್ಬಿಣ ಒತ್ತಡ ತಡೆಯುತ್ತದೆ, ಇಂಥ ಜಗ್ಗಾಟ ತಡೆಯುವುದಿಲ್ಲ. ಹೌಸಿಂಗ್ ಒಡೆದರೆ ಈ ಗಾಡಿಗೆ ಇಲ್ಲಿ ಬಿಡಿಭಾಗ ಎಲ್ಲಿಂದ ತರುತ್ತೀರಿ?

ಹಾಗಾಗಿ ಹೀಗೆ ಮಾಡಿಸಿ. ಚಾಸಿಯ ಎರಡೂ ಪಕ್ಕಕ್ಕೆ 10 ಮಿ.ಮೀ. ದಪ್ಪದ ಎಂಎಸ್ (ಸಾದಾ ಉಕ್ಕಿನ) ಪ್ಲೇಟ್ ಕತ್ತರಿಸಿಕೊಳ್ಳಿ. ಪ್ಲೇಟು ಹಿಂದಿನ ಪಟ್ಟಿಯ ತೂತುಗಳಿಗೂ ಸೇರಬೇಕು, ಆಕ್ಸಲ್‌ಗಿಂತ ಮುಂದೆ ಚಾಸಿ ಪಟ್ಟಿಗೂ ಕನಿಷ್ಠ ಎರಡು ಬೋಲ್ಟ್ ಹಿಡಿಯಬೇಕು. ಎರಡು ಪ್ಲೇಟುಗಳ ನಡುವೆ ಅಡ್ಡಕ್ಕೆ ಒಂದು ದಪ್ಪ ಪೈಪೋ ಚೌಕ ಪೈಪೋ ಹಾಕಿ ವೆಲ್ಡ್ ಮಾಡಿದರೆ ಒಂದು ಗಟ್ಟಿ ಚೌಕಟ್ಟು ಆಗುತ್ತದೆ. ಭಾರ ಚಾಸಿಗೆ ಹಂಚಿಹೋಗುತ್ತದೆ, ಹೌಸಿಂಗಿನ ಮೇಲೆ ಬೀಳುವುದಿಲ್ಲ. ಬೋಲ್ಟ್ 12 ಮಿ.ಮೀ., ತಲೆಯ ಮೇಲೆ 8.8 ಅಂತ ಗಟ್ಟಿತನದ ಗುರುತು ಅಚ್ಚಾಗಿರುವುದೇ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಕೊಡುವ ಸಾದಾ ಬೋಲ್ಟ್ ಬೇಡ. ಟಾರ್ಕ್ ಪಾನಾ ಇದ್ದರೆ 80 ನ್ಯೂಟನ್ ಮೀಟರ್ ಆಸುಪಾಸು ಬಿಗಿಯಿರಿ, ಅದುರಿದರೂ ಸಡಿಲವಾಗದ ನೈಲಾಕ್ ನಟ್ ಹಾಕಿ. ಚಾಸಿಯಲ್ಲಿ ಹೊಸ ತೂತು ಕೊರೆಯಬೇಕಾದರೆ ನಿಂತ ಪಟ್ಟಿಯ ಮಧ್ಯದಲ್ಲಿ ಕೊರೆಯಿರಿ. ಕೆಳಗಿನ ಮಡಿಕೆಯಲ್ಲಿ ತೂತು ಮಾಡಿದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ವೆಲ್ಡಿಂಗ್ ಎಲ್ಲ ಗಾಡಿಯಿಂದ ಹೊರಗೆ, ನೆಲದ ಮೇಲೆ ಮುಗಿಯಲಿ. ಅಳತೆಗೆ ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡ್) ಹೊಡೆಯಲು ಗಾಡಿಯ ಮೇಲೇ ಇಡಬೇಕಾಗಿ ಬಂದರೆ ಮೊದಲು ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಿ. ಈ ಹಳೇ ಗಾಡಿಗಳಲ್ಲಿ ಕೆಲವಕ್ಕೆ ಟ್ಯಾಂಕ್ ಸೀಟಿನ ಕೆಳಗೇ ಇರುತ್ತದೆ. ಬ್ಯಾಟರಿ ವೈರ್ ಬಿಚ್ಚಿ. ವೆಲ್ಡಿಂಗ್ ಅರ್ಥ್ ಕ್ಲಾಂಪನ್ನು ಕೆಲಸ ನಡೆಯುವ ಜಾಗದ ಪಕ್ಕದಲ್ಲೇ ಹಾಕಿಸಿ. ಮುಂದಿನ ಚಕ್ರಕ್ಕೆ ಕ್ಲಾಂಪ್ ಹಾಕಿ ಹಿಂದೆ ವೆಲ್ಡ್ ಹೊಡೆದರೆ ಕರೆಂಟ್ ಬೇರಿಂಗ್‌ಗಳ ಮೂಲಕ ಹಾಯುತ್ತದೆ, ಬೇರಿಂಗ್ ಹಾಳಾಗುತ್ತದೆ.

ಇನ್ನು ಲಿಂಕೇಜಿನ ಅಳತೆ. ಹಾಸನದವರು ಹೇಳಿದ ದೊಡ್ಡ ಟ್ರ್ಯಾಕ್ಟರಿನ ಲಿಂಕೇಜ್ ನಿಮಗೆ ಬೇಡವೇ ಬೇಡ. ತ್ರೀ ಪಾಯಿಂಟ್ ಲಿಂಕೇಜಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ದರ್ಜೆಗಳಿವೆ. ಸುಮಾರು 20 ಎಚ್‌ಪಿವರೆಗಿನ ಗಾರ್ಡನ್ ಟ್ರ್ಯಾಕ್ಟರಿಗೆ ಕ್ಯಾಟಗರಿ ಸೊನ್ನೆ: ಪಿನ್ನು 16 ಮಿ.ಮೀ., ಕೆಳಗಿನ ಎರಡು ಲಿಂಕ್‌ಗಳ ನಡುವೆ 20 ಇಂಚು. ಅದಕ್ಕಿಂತ ಮೇಲಿನದು ಕ್ಯಾಟಗರಿ ಒಂದು: ಕೆಳಗಿನ ಪಿನ್ನು 22 ಮಿ.ಮೀ., ಮೇಲಿನದು 19. ಪಿನ್ನು ದಪ್ಪ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಅನ್ನಿಸಬಹುದು. ತೊಂದರೆ ಪಿನ್ನಿನದಲ್ಲ. ದೊಡ್ಡ ಲಿಂಕೇಜ್ ಇದ್ದರೆ ನಾಳೆ ಪಕ್ಕದ ತೋಟದವರ ಒಂಬತ್ತು ಹಲ್ಲಿನ ಕಲ್ಟಿವೇಟರ್ ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ಒಂದು ಸಲ ನೋಡೇ ಬಿಡೋಣ ಅಂತ ಯಾರಾದರೂ ಸಿಕ್ಕಿಸಿಯೇ ಸಿಕ್ಕಿಸುತ್ತಾರೆ. ಅದರ ತೂಕ 200 ಕೆ.ಜಿ. ಮೇಲೆ. ಅಳತೆ ಹೊಂದದೇ ಇರುವುದೇ ಇಲ್ಲಿ ರಕ್ಷಣೆ.

ಲಿಂಕ್‌ಗಳನ್ನು ಲೇತ್ ಇರುವ ಯಾವ ವರ್ಕ್‌ಶಾಪಿನಲ್ಲೂ ಮಾಡಿಸಬಹುದು. 45 ಸೆಂ.ಮೀ. ಉದ್ದದ ಎರಡು ಫ್ಲಾಟ್, ತುದಿಗೆ ಬುಷ್, ಟಾಪ್ ಲಿಂಕಿಗೆ ಉದ್ದ ಹೆಚ್ಚು ಕಮ್ಮಿ ಮಾಡುವ ಟರ್ನ್‌ಬಕಲ್. ಕೆಳಗಿನ ಲಿಂಕ್‌ಗಳ ಮುಂದಿನ ಪಿನ್ನು ಹಿಂದಿನ ಆಕ್ಸಲ್ ಮಧ್ಯಕ್ಕಿಂತ ಕೆಳಗೆ ಇರಬೇಕು. ಇದರಲ್ಲಿ ರಾಜಿ ಇಲ್ಲ. ಆಕ್ಸಲ್‌ಗಿಂತ ಮೇಲಿನ ಜಾಗದಿಂದ ಎಳೆದರೆ, ಹಲ್ಲು ಬೇರಿಗೋ ಕಲ್ಲಿಗೋ ಸಿಕ್ಕಿದ ತಕ್ಷಣ ಗಾಡಿ ಮೂತಿ ಎತ್ತಿ ಹಿಂದಕ್ಕೆ ಮಗುಚುತ್ತದೆ. ಇದೇ ಕಾರಣಕ್ಕೆ ಟಾಪ್ ಲಿಂಕಿನ ಜಾಗಕ್ಕೆ ಸರಪಳಿ ಕಟ್ಟಿ ಮರದ ದಿಮ್ಮಿ ಎಳೆಯಬಾರದು. ನಮ್ಮ ಕಡೆ ಸಿಲ್ವರ್ ಮರ ಕಡಿದಾಗ ಈ ಬುದ್ಧಿ ಬರುತ್ತದೆ, ಅದಕ್ಕೆ ಹೇಳಿದೆ.

ಈ ತ್ರೀ ಪಾಯಿಂಟ್ ಜೋಡಣೆಗೆ 1926ರಲ್ಲಿ ಪೇಟೆಂಟ್ ಪಡೆದವರು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಉಪಕರಣ ಕಲ್ಲಿಗೆ ಸಿಕ್ಕಿದಾಗ ಅದರ ಮೇಲ್ತುದಿ ಟಾಪ್ ಲಿಂಕನ್ನು ಮುಂದಕ್ಕೆ ತಳ್ಳುತ್ತದೆ, ಆ ತಳ್ಳು ಗಾಡಿಯ ಮೂತಿಯನ್ನು ಕೆಳಗೆ ಒತ್ತುತ್ತದೆ. ದೊಡ್ಡ ಟ್ರ್ಯಾಕ್ಟರ್‌ಗಳಲ್ಲಿ ಅದೇ ತಳ್ಳು ಹೈಡ್ರಾಲಿಕ್ ವಾಲ್ವಿಗೂ ಹೋಗಿ, ನೇಗಿಲನ್ನು ತಾನೇ ಸ್ವಲ್ಪ ಎತ್ತಿ ಇಳಿಸುತ್ತದೆ. ನೀವು ಮಾಡಿಸುವ ಲಿಫ್ಟಿಗೆ ಆ ಬುದ್ಧಿ ಇರುವುದಿಲ್ಲ. ಅದು ಸುಮ್ನೆ ಎತ್ತುತ್ತದೆ, ಇಳಿಸುತ್ತದೆ. ಆಳ ಎಷ್ಟಿರಬೇಕು ಅನ್ನೋದಕ್ಕೆ ಕಲ್ಟಿವೇಟರಿನ ಎರಡು ಪಕ್ಕ ಸಣ್ಣ ಚಕ್ರ ಹಾಕಿಸಿ.

ಈಗ ಮುಂದಿನ ಚಕ್ರದ ಲೆಕ್ಕ. ಕಾಫಿ ಮೂಟೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ನಿಮ್ಮಲ್ಲೋ ಪಕ್ಕದ ಎಸ್ಟೇಟಿನಲ್ಲೋ ಇದ್ದೇ ಇರುತ್ತದೆ. ಗಾಡಿಯ ಮುಂದಿನ ಎರಡೂ ಚಕ್ರ ಅದರ ಮೇಲೆ ನಿಲ್ಲಿಸಿ. ಹಿಂದಿನ ಚಕ್ರಕ್ಕೆ ಅಷ್ಟೇ ಎತ್ತರದ ಹಲಗೆ ಕೊಡಿ, ಇಲ್ಲದಿದ್ದರೆ ತೂಕ ಸರಿ ಬರುವುದಿಲ್ಲ. ಒಂದು ಉದಾಹರಣೆಗೆ, ಗಾಡಿ ಒಟ್ಟು 300 ಕೆ.ಜಿ., ಮುಂದಿನ ಚಕ್ರದಲ್ಲಿ 110 ಕೆ.ಜಿ. ಬಂತು ಅಂತಿಟ್ಟುಕೊಳ್ಳಿ. ಮುಂದಿನ ಹಿಂದಿನ ಆಕ್ಸಲ್ ನಡುವೆ 115 ಸೆಂ.ಮೀ. ಅಂತರ. ಉಪಕರಣ 60 ಕೆ.ಜಿ., ಅದರ ಭಾರದ ಮಧ್ಯ ಹಿಂದಿನ ಆಕ್ಸಲ್‌ನಿಂದ 90 ಸೆಂ.ಮೀ. ಹಿಂದೆ. ಎತ್ತಿದ ಕೂಡಲೇ ಗಾಡಿ ಹಿಂದಿನ ಆಕ್ಸಲ್ ಮೇಲೆ ಏತದ ಥರ ತೂಗುತ್ತದೆ. 60ನ್ನು 90ರಿಂದ ಗುಣಿಸಿ 115ರಿಂದ ಭಾಗಿಸಿ: ಮುಂದಿನ ಚಕ್ರದಿಂದ 47 ಕೆ.ಜಿ. ಹೋಯಿತು. ಉಳಿದದ್ದು 63. ಸೀಟು ಹೆಚ್ಚುಕಮ್ಮಿ ಹಿಂದಿನ ಆಕ್ಸಲ್ ಮೇಲೇ ಇರುವುದರಿಂದ ಓಡಿಸುವವರ ತೂಕ ಮುಂದಕ್ಕೆ ಸೇರುವುದಿಲ್ಲ. ಆದರೆ ಒಟ್ಟು ತೂಕಕ್ಕೆ ಸೇರುತ್ತದೆ: 300, 70, 60 ಸೇರಿ 430. ಅದರಲ್ಲಿ ಐದನೇ ಒಂದು ಪಾಲು, ಅಂದರೆ 86 ಕೆ.ಜಿ. ಮುಂದಿನ ಚಕ್ರದ ಮೇಲೆ ಇದ್ದರೆ ಮಾತ್ರ ಸ್ಟೇರಿಂಗ್ ಮಾತು ಕೇಳುತ್ತದೆ. ನಮಗೆ 23 ಕಮ್ಮಿ ಬಿತ್ತು. ಮುಂದಿನ ಆಕ್ಸಲ್‌ಗಿಂತ 40 ಸೆಂ.ಮೀ. ಮುಂದೆ ಒಂದು ಬ್ರಾಕೆಟ್ ಮಾಡಿ 20 ಕೆ.ಜಿ. ಇಟ್ಟರೆ ಸರಿಹೋಗುತ್ತದೆ. ಮುಂದಕ್ಕೆ ಚಾಚಿ ಇಟ್ಟಷ್ಟೂ ಭಾರದ ಫಲ ಜಾಸ್ತಿ. ಗುಜರಿಯಿಂದ ಕಬ್ಬಿಣದ ತುಂಡು ತಂದು ಬೋಲ್ಟ್ ಹಾಕಿ ಬಿಗಿಯಿರಿ. ಮರಳು ಚೀಲ ಕಟ್ಟಿದರೆ ಹರಿದು ಬೀಳುತ್ತದೆ. ಹಿಂದಿನ ಟೈರಿಗೆ ನೀರು ತುಂಬಿಸುವುದು ಹಿಡಿತಕ್ಕೆ ಒಳ್ಳೆಯದು, ಮೂತಿ ಎತ್ತುವುದಕ್ಕೆ ಅದು ಮದ್ದಲ್ಲ.

ಇದು ಸಮತಟ್ಟು ನೆಲದ ಲೆಕ್ಕ. ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆ ಸಮತಟ್ಟು ಎಲ್ಲಿದೆ? ದಿಬ್ಬ ಹತ್ತುವಾಗ ಇನ್ನಷ್ಟು ಭಾರ ಹಿಂದಕ್ಕೆ ಜಾರುತ್ತದೆ. ಉಪಕರಣ ಎತ್ತಿಕೊಂಡು ಇಳಿಜಾರು ಹತ್ತಬೇಕಾದರೆ ರಿವರ್ಸಿನಲ್ಲಿ ಹತ್ತಿ. ಅಡ್ಡ ಇಳಿಜಾರಿನಲ್ಲಿ ಎತ್ತಿಕೊಂಡು ಓಡಿಸುವುದೇ ಬೇಡ.

ಎತ್ತುವುದು ಹೇಗೆ ಅನ್ನೋದಕ್ಕೆ ಈಗ ಬರೋಣ. ನನಗೆ ಕೇಳಿದರೆ ನಿಮ್ಮ ಲಿಫ್ಟ್ ಆಗಲೇ ಗಾಡಿಯಲ್ಲೇ ಇದೆ, ಅದೇ ಡೆಕ್ ಎತ್ತುವ ಲಿವರ್. ಮಣ್ಣಿನ ಕೆಲಸಕ್ಕೆ ಹೋಗುವಾಗ ಡೆಕ್ ಹೇಗೂ ಬಿಚ್ಚಿಡುತ್ತೀರಿ. ಆಗ ಆ ಲಿವರಿಗೆ ಕೆಲಸವಿಲ್ಲ. ಅದರ ಶಾಫ್ಟಿನಿಂದ ಒಂದು ರಾಡ್ ಹಿಂದಕ್ಕೆ ಎಳೆದು, ಹಿಂದೆ ಇನ್ನೊಂದು ಅಡ್ಡ ಶಾಫ್ಟ್ ತಿರುಗುವಂತೆ ಮಾಡಿ, ಅದರ ಎರಡು ತೋಳಿನಿಂದ ಲಿಂಕ್‌ಗಳನ್ನು ಎತ್ತಿಸಬಹುದು. ಅಮೆರಿಕದಲ್ಲಿ ಈ ಗಾಡಿ ಮಾಡುತ್ತಿದ್ದ ಕಂಪನಿಗಳು ಕೂಡ ಹಿಂದಿನ ಲಿಫ್ಟ್ ಕಿಟ್ ಅಂತ ಹೀಗೇ ಮಾರುತ್ತಿದ್ದವು.

ಕೈಗೆ ಎಷ್ಟು ಭಾರ ಬೀಳುತ್ತದೆ? ಲೆಕ್ಕ ಸುಲಭ. 40 ಕೆ.ಜಿ. ಬ್ಲೇಡನ್ನು 20 ಸೆಂ.ಮೀ. ಎತ್ತಬೇಕು. ಲಿವರಿನ ಹಿಡಿ 45 ಸೆಂ.ಮೀ. ಸರಿಯುತ್ತದೆ ಅಂತಿಟ್ಟುಕೊಳ್ಳಿ. 40ನ್ನು 20ರಿಂದ ಗುಣಿಸಿ 45ರಿಂದ ಭಾಗಿಸಿದರೆ ಸುಮಾರು 18 ಕೆ.ಜಿ. ಉಜ್ಜಾಟಕ್ಕೆ ಸ್ವಲ್ಪ ಸೇರಿಸಿ 25 ಅನ್ನಿ. ಮಾಡಬಹುದು. ಅದೇ 60 ಕೆ.ಜಿ. ಕಲ್ಟಿವೇಟರ್ ಆದರೆ 35 ದಾಟುತ್ತದೆ, ಅರ್ಧ ದಿನಕ್ಕೆ ಭುಜ ಬಿದ್ದುಹೋಗುತ್ತದೆ. ಅದಕ್ಕೆ ಅಡ್ಡ ಶಾಫ್ಟಿಗೆ ಒಂದು ಎಳೆಯುವ ಸ್ಪ್ರಿಂಗ್ ಕೊಡಿ, ಅರ್ಧ ಭಾರ ಅದು ಹೊರುತ್ತದೆ. ಒಂದೇ ಎಚ್ಚರಿಕೆ: ಉಪಕರಣ ಬಿಚ್ಚುವ ಮೊದಲು ಸ್ಪ್ರಿಂಗ್ ಬಿಚ್ಚಿ. ಭಾರವಿಲ್ಲದ ಲಿವರನ್ನು ಸ್ಪ್ರಿಂಗ್ ಎಳೆದರೆ ಹಿಡಿ ನೇರ ಮುಖಕ್ಕೆ ಬರುತ್ತದೆ.

ಕೈಲಾಗುವುದಿಲ್ಲ, ಸ್ವಿಚ್ಚೇ ಬೇಕು ಅಂದರೆ ವಿಂಚ್ ಸಲಹೆ ಕೆಟ್ಟದ್ದೇನಲ್ಲ. ಜೀಪಿನದಷ್ಟು ದೊಡ್ಡದು ಬೇಡ, ಒಂದು ಟನ್ ಒಳಗಿನ ಸಣ್ಣ 12 ವೋಲ್ಟಿನದು ಸಾಕು. ಅದರ ದೊಡ್ಡ ಗುಣ ಏನೆಂದರೆ ಹಗ್ಗ ಎಳೆಯುತ್ತದೆ, ತಳ್ಳುವುದಿಲ್ಲ. ಬ್ಲೇಡು ನೆಲದ ಏರಿಳಿತಕ್ಕೆ ತಾನೇ ಮೇಲೆ ಕೆಳಗೆ ಆಡುತ್ತದೆ. ದೋಷ ಏನೆಂದರೆ ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತಿಲ್ಲ. ಲಿಂಕ್ ಮೇಲ್ತುದಿ ಮುಟ್ಟಿದ ಮೇಲೂ ನೀವು ಸ್ವಿಚ್ ಒತ್ತಿಹಿಡಿದರೆ ಬ್ರಾಕೆಟ್ ಕಿತ್ತು ಬರುತ್ತದೆ. ತುದಿ ಮುಟ್ಟಿದಾಗ ತಾನೇ ಕರೆಂಟ್ ಕಡಿಯುವ ಲಿಮಿಟ್ ಸ್ವಿಚ್ ಇಲ್ಲದೆ ವಿಂಚ್ ಕೂರಿಸಬೇಡಿ.

ಆಸ್ಪತ್ರೆ ಮಂಚ, ಸೋಲಾರ್ ಪ್ಯಾನೆಲ್ ತಿರುಗಿಸುವಲ್ಲಿ ಬಳಸುವ ಲೀನಿಯರ್ ಆಕ್ಚುಯೇಟರ್, ಅಂದರೆ ಮೋಟರ್ ಸ್ಕ್ರೂ ತಿರುಗಿಸಿ ರಾಡನ್ನು ಹೊರಕ್ಕೆ ಒಳಕ್ಕೆ ಸರಿಸುವ ಸಾಧನ, ಇನ್ನೊಂದು ದಾರಿ. ತುದಿ ಮುಟ್ಟಿದಾಗ ತಾನೇ ನಿಲ್ಲುತ್ತದೆ, ಸ್ಕ್ರೂ ಇರುವುದರಿಂದ ಕರೆಂಟ್ ಹೋದರೂ ಭಾರ ಜಾರುವುದಿಲ್ಲ. ಲಿಂಕಿನ ಮಧ್ಯಕ್ಕೆ ಎತ್ತುವ ರಾಡ್ ಕೊಟ್ಟರೆ 60 ಕೆ.ಜಿ. ಅಲ್ಲಿ 120 ಆಗುತ್ತದೆ. ಕುಣಿತಕ್ಕೆ ಅದರ ಎರಡರಷ್ಟು ಬಿಡಿ. ಅಂದರೆ 3000 ನ್ಯೂಟನ್ ತಾಕತ್ತಿನದು ಬೇಕು. ಈ ತಾಕತ್ತಿನವು ನಿಧಾನ, ಒಂದು ಸಲ ಎತ್ತಲು ಹತ್ತು ಹನ್ನೆರಡು ಸೆಕೆಂಡ್ ಹಿಡಿಯುತ್ತದೆ. ಸಾಲಿನ ಕೊನೆಯಲ್ಲಿ ತಿರುಗಿಸುವಾಗ ಅಷ್ಟು ಹೊತ್ತು ಕಾಯುವುದು ತಲೆನೋವು. ಇನ್ನೊಂದು, ಅದು ಕೆಳಗೂ ತಳ್ಳುತ್ತದೆ. ನೇರ ರಾಡಿನಿಂದ ಜೋಡಿಸಿದರೆ ಬ್ಲೇಡು ನೆಲಕ್ಕೆ ಒತ್ತಿ ಗಾಡಿಯ ಹಿಂಭಾಗವನ್ನೇ ಎತ್ತಿಬಿಡುತ್ತದೆ, ಚಕ್ರ ಸುಮ್ನೆ ಸುತ್ತುತ್ತದೆ. ಎತ್ತುವ ತೋಳಿಗೂ ಲಿಂಕಿಗೂ ನಡುವೆ ರಾಡ್ ಬದಲು ದಪ್ಪ ಸರಪಳಿ ಹಾಕಿದರೆ ಈ ರಗಳೆ ಇಲ್ಲ. ವೈರ್ 4 ಚದರ ಮಿ.ಮೀ. ಇರಲಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿ. ವಿಂಚಿಗೆ ಇದು ಸಾಲದು, ಅದರ ಜೊತೆ ಬರುವ ದಪ್ಪ ಕೇಬಲ್ಲೇ ಬೇಕು.

ಹೈಡ್ರಾಲಿಕ್ ಪವರ್ ಪ್ಯಾಕ್ (ಮೋಟರ್, ಎಣ್ಣೆ ಪಂಪ್ ಸೇರಿದ ಡಬ್ಬಿ) ಬಗ್ಗೆ ಜಾಸ್ತಿ ಹೇಳುವುದಿಲ್ಲ. 12 ವೋಲ್ಟಿನ ಪ್ಯಾಕ್ ಓಡುವಾಗ 100 ಆಂಪಿಯರ್ ಮೇಲೆ ಎಳೆಯುತ್ತದೆ. ನಿಮ್ಮ ಎಂಜಿನ್ ಬ್ಯಾಟರಿಗೆ ಕೊಡುವುದು ಹೆಚ್ಚೆಂದರೆ 15. ಜೊತೆಗೆ 40 ಮಿ.ಮೀ. ಸಿಲಿಂಡರಿಗೆ 100 ಬಾರ್ ಒತ್ತಡ ಕೊಟ್ಟರೆ ಅದು 1200 ಕೆ.ಜಿ.ಗೂ ಜಾಸ್ತಿ ತಳ್ಳುತ್ತದೆ. ನಿಮ್ಮ ಚಾಸಿ ಬಗ್ಗಿಸಲು ಅದು ಧಾರಾಳ ಸಾಕು. ಬೇಡ.

ಕಲ್ಟಿವೇಟರ್ ಎಷ್ಟು ಹಲ್ಲಿನದು? ಮೂರು. 16 ಎಚ್‌ಪಿ ಅಂತ ಮೋಸ ಹೋಗಬೇಡಿ. ಎಳೆತ ಬರುವುದು ಹಿಂದಿನ ಚಕ್ರದ ಮೇಲಿನ ಭಾರದಿಂದ. ನಿಮ್ಮ ಗಾಡಿ ಒಣ ಕೆಂಪು ಮಣ್ಣಿನಲ್ಲಿ ನೂರು ನೂರಿಪ್ಪತ್ತು ಕೆ.ಜಿ. ಎಳೆದರೆ ಹೆಚ್ಚು, ಆಮೇಲೆ ಚಕ್ರ ಜಾರುತ್ತದೆ. ಐದು ಹಲ್ಲಿನ ಫ್ರೇಮ್ ಮಾಡಿಸಿ ಮೂರು ಹಲ್ಲು ಹಾಕಿಕೊಂಡು ಶುರು ಮಾಡಿ, ಮಣ್ಣು ಹದವಾಗಿದ್ದಾಗ ಉಳಿದೆರಡು ಹಾಕಿ ನೋಡಿ. ಇದನ್ನು ತರಕಾರಿ ಬಯಲಿನಲ್ಲೇ ಇಟ್ಟುಕೊಳ್ಳಿ. ರೊಬಸ್ಟಾ ಸಾಲುಗಳ ನಡುವೆ ಹತ್ತು ಅಡಿ ಇದೆ, ಗಾಡಿ ಹೋಗುತ್ತದೆ ಅಂತ ಕಾಫಿಯೊಳಗೆ ನುಗ್ಗಿಸಬೇಡಿ. ಕಾಫಿಯ ಆಹಾರ ಎಳೆಯುವ ಬೇರುಗಳು ಮೇಲುಮಣ್ಣಿನಲ್ಲೇ ಹರಡಿರುತ್ತವೆ, ಹಲ್ಲು ಅವನ್ನೆಲ್ಲ ಕಿತ್ತುಹಾಕುತ್ತದೆ. ಅರೇಬಿಕಾ ಸಾಲಿನಲ್ಲಂತೂ ಜಾಗವೇ ಇಲ್ಲ.

ರೋಟವೇಟರ್ ಆಸೆ ಬಿಡಿ. ಅದಕ್ಕೆ ಹಿಂದೆ ಪಿಟಿಒ, ಅಂದರೆ ಎಂಜಿನ್ ಶಕ್ತಿಯನ್ನು ಉಪಕರಣಕ್ಕೆ ಕೊಡುವ ತಿರುಗುವ ಶಾಫ್ಟ್ ಬೇಕು, ನಿಮಿಷಕ್ಕೆ 540 ಸುತ್ತು. ನಿಮ್ಮ ಗಾಡಿಯಲ್ಲಿ ಬೆಲ್ಟ್ ಓಡಿಸುವ ಪುಲ್ಲಿ ಇರುವುದು ಎಂಜಿನ್ ಮುಂದೆ, ಡೆಕ್ಕಿಗಾಗಿ. ಅಲ್ಲಿಂದ ಹಿಂದಕ್ಕೆ ಶಕ್ತಿ ತರುವ ಖರ್ಚು, ತಾಪತ್ರಯ ನೋಡಿದರೆ ವರ್ಷಕ್ಕೆರಡು ಸಲ ಪವರ್ ಟಿಲ್ಲರ್ ಬಾಡಿಗೆಗೆ ಕರೆಸುವುದೇ ವಾಸಿ.

ಕೂರಿಸಿದ ಮೇಲೆ ಮೊದಲ ದಿನ ಕಣದಲ್ಲಿ, ಸಮತಟ್ಟಿನಲ್ಲಿ, ಬ್ಲೇಡ್ ಮಾತ್ರ ಹಾಕಿ ಓಡಿಸಿ. ಅರ್ಧ ಗಂಟೆ ಆದ ಮೇಲೆ ಎಲ್ಲ ಬೋಲ್ಟ್ ಮತ್ತೆ ಬಿಗಿಯಿರಿ, ಹೊಸ ಪ್ಲೇಟು ಕೂತುಕೊಳ್ಳುವಾಗ ಸಡಿಲ ಆಗೇ ಆಗುತ್ತದೆ. ರಸ್ತೆಯಲ್ಲಿ ಹೋಗುವಾಗ ಭಾರ ಹಗ್ಗದ ಮೇಲೋ ಲಿವರಿನ ಮೇಲೋ ಇರಬಾರದು, ಲಿಂಕಿಗೆ ಅಡ್ಡ ಪಿನ್ನು ಹಾಕಲು ಒಂದು ತೂತು ಬಿಡಿಸಿ. ನಿಲ್ಲಿಸಿದಾಗ ಉಪಕರಣ ಯಾವಾಗಲೂ ನೆಲದ ಮೇಲೇ ಇರಲಿ. ಕೆಳಗೆ ಕೈ ಹಾಕಬೇಕಾಗಿ ಬಂದರೆ ಮೊದಲು ಮರದ ದಿಮ್ಮಿ ಕೊಡಿ, ಆಮೇಲೆ ಕೈ ಹಾಕಿ.

ಹಾಸನಕ್ಕೆ ಕೆಲಸಕ್ಕೆ ಕೊಡುವ ಮುಂಚೆ ಚಾಸಿ ಪಟ್ಟಿಯ ದಪ್ಪ, ಎರಡು ಪಟ್ಟಿಗಳ ನಡುವಿನ ಅಂತರ, ಆಕ್ಸಲ್ ಮಧ್ಯದಿಂದ ನೆಲಕ್ಕೆ ಎಷ್ಟು, ಈ ಮೂರು ಅಳತೆ ಮತ್ತು ಹಿಂಭಾಗದ ಫೋಟೋ ಕಳಿಸಿ. ಪ್ಲೇಟಿನ ನಕ್ಷೆ ಬರೆದು ಕೊಡುತ್ತೇನೆ. ವೆಲ್ಡಿಂಗಿನವರು ಅದನ್ನು ರಟ್ಟಿನಲ್ಲಿ ಕತ್ತರಿಸಿ ಗಾಡಿಗೆ ಹಿಡಿದು ನೋಡಿದ ಮೇಲೇ ಕಬ್ಬಿಣ ಕತ್ತರಿಸಲಿ.